ಉಪ್ಪಿಲ್ಲದ ಸಮುದ್ರ

ಅಂಕೋಲಾದಾಗ ಮೂವತ್ತೊಂದು ವರ್ಷ ನರ್ಸಾಗಿದ್ದು
ಬೀದರಕ್ಕ ವಾಪಸ್ ಬರುವಾಗ ದೀನಕ್ಕ ತಂದದ್ದು
ಎರಡು ಟ್ರಂಕು, ಒಂದು ಮಡಚೋ ಕುರ್ಚಿ,
ಮತ್ತ ಒಂದು ಗೋಣಿಚೀಲ ತುಂಬ ಚಿಪ್ಪು.
ಹಮಾಲ ಹೆಗಲಿಗಿಟ್ಟು ಕೇಳಿದ: ಏನ್ ಬಾಯಿ, ಎಲುಬೇನ್ರಿ ಇವು?
ಹೌದಪ್ಪ, ಸಮುದ್ರದ ಎಲುಬು, ಅಂದಳು.

ಮಂಗಲಪೇಟದ ನಮ್ಮ ಹಿತ್ತಲದಾಗ ಮಣ್ಣು ಗೇಣುದ್ದ,
ಕೆಳಗೆಲ್ಲ ಕೆಂಪು ಕಲ್ಲು.
ನಾನು ಲೈನ್‌ಮನ್ ಇದ್ದವ. ಕಂಬ ನೆಟ್ಟು ಗೊತ್ತು, ಗಿಡ ನೆಟ್ಟು ಗೊತ್ತಿಲ್ಲ.
ಆಕಿ ಬೆರಳು ತೋರಿಸಿದಲ್ಲಿ ನಾ ಹಾರಿ ಹಾಕಿದೆ.
ಮಲ್ಲಿಗಿ ಮಡಿಗೆ ಚಿಪ್ಪಿನ ಅಂಚು, ಪುಂಡಿ ಮಡಿಗೆ ಚಿಪ್ಪಿನ ಅಂಚು,
ಬಚ್ಚಲ ನೀರು ಹರಿಯೋ ಕಾಲುವಿಗೂ ಎರಡು ಕಡಿ ಚಿಪ್ಪು.
ಹದಿನೈದು ದಿನದಾಗ ಕೆಂಪಿರುವಿ ಒಕ್ಕಲಾದವು ಅವುಗಳೊಳಗ,
ಬಾಡಿಗಿ ಇಲ್ಲ, ಮುಂಗಡ ಇಲ್ಲ.

ಈಗ ಬೇವು ಹೂಬಿಟ್ಟದ.
ಬಾಗಿಲು ತೆರೆದರ ಅಂಗಳದ ತುಂಬ ಅಕ್ಕಿನುಚ್ಚು ಚೆಲ್ಲಿದಂಗ,
ಕಸಬರಿಗಿ ಹಿಡಿದ ಕೈಗೆ ಮನಸ್ಸಾಗವಲ್ದು.
ಆರಕ್ಕ ಗಾಳಿ ಇನ್ನೂ ತಂಪು,
ಒಂಬತ್ತಕ್ಕ ನಳದ ನೀರೂ ಬಿಸಿ.
ನಡುವಿನ ಈ ಮೂರು ತಾಸಿನಾಗ ನಮ್ಮ ಸಿರಿತನ ಎಲ್ಲ:
ಚಹಾದಾಗ ಅದ್ದಿದ ಖಾರಿ,
ಮಲ್ಲಿಗಿ ಮೊಗ್ಗು ಎಣಿಸೋ ಕೆಲಸ.
ಮೊನ್ನಿ ಇಪ್ಪತ್ತೆರಡು, ಇವತ್ತು ಅರವತ್ತರ ಮ್ಯಾಲ.
ಬಿಸಿಲು ಏರಿದಷ್ಟೂ ಈ ಗಿಡಕ್ಕ ಹಮ್ಮು.

ಬಾಜು ಮನಿ ನುಸ್ರತ್ ಗೋಡಿ ಹತ್ತಿ ಇಳಿದು
ಚಿಪ್ಪು ಕಿವಿಗಿಟ್ಟು ಥಟ್ಟನೆ ಒಗೆದಳು:
ಇದರಾಗ ಸಮುದ್ರ ಇಲ್ಲ ಅಜ್ಜಿ, ಇರುವಿ ಅವ.
ಇರುವಿಗಾದ್ರೂ ಕೇಳಿಸ್ತಿರಬೇಕಲ್ಲ, ಬಿಡು, ಅಂದಳು ಅಕ್ಕ.

ನೆನಪಾಗೋದಿಲ್ಲೇನು ಅಲ್ಲೀದು, ಅಂತ ನಾನೂ ಒಮ್ಮಿ ಕೇಳಿದ್ದೆ.
ಪೈಪು ಹಿಡಿದುಕೊಂಡೇ ಹೊಳ್ಳಿದಳು, ನನ್ನ ಕಾಲೆಲ್ಲ ತೋದವು:
ಅಲ್ಲಿ ಬಟ್ಟಿ ಒಣಗ್ತಿರಲಿಲ್ಲ ತಮ್ಮಾ,
ಇಲ್ಲಿ ನೋಡು, ಕಾಲು ತಾಸಿಗೆ ಸೀರಿ ಹಪ್ಪಳ.
ಅಷ್ಟೇ ಉತ್ತರ.

ಆದರ ಆದಿತ್ಯವಾರ ಆರಾಧನಿ ಮುಗಿದು ಉಂಡು ಮಲಗಿ ಎದ್ದ ಮ್ಯಾಲ
ಕುರ್ಚಿ ಮಡಚಿ ಬಗಲಾಗ ಹಿಡಿದು ನಿಂತಿರ್ತಾಳ,
ನಡಿ, ಸಮುದ್ರಕ್ಕ.

ನನ್ನ ಸ್ಕೂಟರ್, ಆಕಿ ತೊಡಿ ಮ್ಯಾಲ ಕುರ್ಚಿ, ಸೆರಗಿನಾಗ ಮಾವಿನಕಾಯಿ.
ಮುತ್ತುಗದ ಹೂ ಮುಗಿದು ಕಾಯಿ ಜೋತಾಡ್ಲತ್ತಾವ.
ಕಾರಂಜಾ ಹಿನ್ನೀರಿನಾಗ ಚಳಿಗಾಲದ ಬಾತು ಒಂದೂ ಇಲ್ಲ,
ರೀವಹಕ್ಕಿ ಮಾತ್ರ ಬೆಳ್ಳಗ ಮ್ಯಾಲಿಂದ ಕೆಳಗ ಹೊಲಿಗಿ ಹಾಕ್ಲತ್ತಾವ.
ಸಂಕ್ರಾಂತಿಗೆ ನೀರು ಈ ಕಲ್ಲಿನ ತನಕ ಇತ್ತು.
ಗರಿಗಳ ಆದಿತ್ಯವಾರಕ್ಕ ನಲ್ವತ್ತು ಹೆಜ್ಜಿ,
ಈಸ್ಟರಿಗೆ ಅರವತ್ತೈದು,
ಇವತ್ತು ನೂರಾ ಹನ್ನೆರಡು, ನಾನೇ ಎಣಿಸೀನಿ.
ಬಿಟ್ಟುಹೋದ ನೆಲದಾಗ ಯಾರೋ ಕರಬೂಜದ ಬಳ್ಳಿ ಹಬ್ಬಿಸ್ಯಾರ.

ಇದು ಸಮುದ್ರ ಅಲ್ಲಕ್ಕ, ದಿನಾ ದೂರ ಹೊಂಟದ, ಅಂದೆ.
ಕುರ್ಚಿ ಮುಂದ ಸರಿಸಿ ಕುಂತಳು.
ಅದು ದಿನಕ್ಕ ಎರಡು ಸಲ ಹೋಗಿ ಬರ್ತದ,
ಇದು ವರ್ಷಕ್ಕ ಒಂದು ಸಲ.
ಭರತ, ಇಳಿತ. ಇದರದು ಜರಾ ಸಾವಕಾಶ, ನಿನ್ನಂಗ.

ಮಾವಿನಕಾಯಿ ಹೋಳಿಗೆ ಖಾರ ಹಚ್ಚಿಕೊಂಡು ತಿಂದೆವು,
ಹಲ್ಲು ಚುಳ್ ಅಂದವು, ಕಣ್ಣಾಗ ನೀರು.
ಎದ್ದು ಹೋಗಿ ಪೊಟ್ಟಣದಾಗ ಉಳಿದ ಉಪ್ಪು ನೀರಿಗೆ ಝಾಡಿಸಿದಳು,
ಹೂಂ, ಈಗ ಆಯ್ತು.
ತಿನ್ನೋದೇನೋ ಬಿತ್ತು ಅಂತ ಮೀನಮರಿ ಓಡಿ ಬಂದು
ಬೇಜಾರಾಗಿ ಹೋದವು.
ಬಲೆ ಝಾಡಿಸ್ತಿದ್ದ ಹುಡುಗ ನಕ್ಕ. ನಾವೂ.

ಮನಿಗೆ ಬಂದು ಮಲ್ಲಿಗಿ ಬುಡಕ್ಕ ಕಾಲ ಕೆಸರು ತೊಳೆದಳು.
ಕುರ್ಚಿಯ ತುಕ್ಕು ಹಿಡಿದ ಕೀಲು ಕಿರ್ ಅಂತಿತ್ತು,
ನಾ ಎಣ್ಣಿ ಡಬ್ಬಿ ತಂದೆ.
ಬ್ಯಾಡ, ಅಂತ ಕೈ ಹಿಡಿದಳು,
ಅದು ಅಲ್ಲೀ ಉಪ್ಪು ತಿಂದ ತುಕ್ಕು, ಇರಲಿ.

ಮುಚ್ಚಳ ಹಾಕಿದೆ.
ಇರುವಿ ಸಾಲು ಒಂದು ಬೇವಿನ ಹೂವು ಹೊತ್ತುಕೊಂಡು
ಮೂರನೇ ಚಿಪ್ಪಿನೊಳಗ ಹೊಂಟಿತ್ತು,
ಹೂವು ಬಾಗಿಲಾಗ ಸಿಕ್ಕಿಬಿದ್ದಿತ್ತು.